ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪುಣೆಯ ಕನ್ನಡ ಮನೆಗಳಲ್ಲಿ ಈಚೆಗೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. "ಹುಡುಗಿ ಕೊರಿಯಾಕ್ಕ ಹೋಗ್ತೀನಿ ಅಂತ ಹಟ ಹಿಡದಾಳ್ರಿ. ಕಳಸಬೇಕೋ ಬ್ಯಾಡೋ?" ಕೇಳುವವರು ಸಾಮಾನ್ಯವಾಗಿ ತಾಯಂದಿರು. ಹುಡುಗಿಯ ವಯಸ್ಸು ಹದಿನೈದೋ ಹದಿನಾರೋ. ರೋಟರಿಯದೋ ಎಎಫ್ಎಸ್‌ನದೋ ವಿದ್ಯಾರ್ಥಿ ವಿನಿಮಯದ ಅರ್ಜಿ ಮೇಜಿನ ಮೇಲಿರುತ್ತದೆ. ನನ್ನನ್ನೇ ಕೇಳಲು ಕಾರಣ, ನನ್ನ ಅಕ್ಕನ ಮಗಳು ದೇಗು ನಗರದ ಹತ್ತಿರದ ಸಣ್ಣ ಊರೊಂದರ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದು ವರ್ಷ ಇದ್ದು ಬಂದಿದ್ದಾಳೆ ಎಂಬುದು.

ನನ್ನ ಉತ್ತರ, ಕಳಿಸಿ ಎಂದೇ. ಆದರೆ ಅದರ ಹಿಂದೆ ಒಂದು ಷರತ್ತಿದೆ. ಅದನ್ನು ಹೇಳಲು ಹೋದರೆ ಅಲ್ಲಿಯ ಶಾಲೆ ಹೇಗೆ ನಡೆಯುತ್ತದೆ ಎಂಬುದನ್ನೆಲ್ಲ ಹೇಳಬೇಕಾಗುತ್ತದೆ. ಚಹಾ ಆರುವುದರೊಳಗೆ ಮುಗಿಯುವ ಮಾತಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಇದನ್ನು ಬರೀ ಟಿವಿ ಹುಚ್ಚು ಎಂದು ತಳ್ಳಿಹಾಕಬೇಡಿ. ಹುಡುಗಿಯರನ್ನು ಆ ಭಾಷೆಯ ಬಾಗಿಲಿಗೆ ತಂದು ನಿಲ್ಲಿಸಿದ್ದು ಹಾಡು ಮತ್ತು ಧಾರಾವಾಹಿ, ನಿಜ. ಆದರೆ ಬಾಗಿಲಾಚೆ ಒಂದು ನಿಜವಾದ ಜಗತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಕೊರಿಯನ್ನನ್ನೂ ಸೇರಿಸಿತು. ಚೆನ್ನೈ ಓದುಗರಿಗೆ ಶ್ರೀಪೆರಂಬುದೂರಿನ ಹುಂಡೈ ಕಾರ್ಖಾನೆಯನ್ನು ಪರಿಚಯಿಸಬೇಕಿಲ್ಲ. ಪುಣೆಯವರಿಗೆ ರಾಂಜಣಗಾಂವದ ಎಲ್‌ಜಿ ಗೊತ್ತು. ಬೆಂಗಳೂರಿನಿಂದ ಹೈದರಾಬಾದಿಗೆ ಕಾರಿನಲ್ಲಿ ಹೋಗುವವರು ಪೆನುಕೊಂಡದ ಬಳಿ ಕಿಯಾ ಕಾರ್ಖಾನೆಯನ್ನು ದಾಟಿಯೇ ಹೋಗುತ್ತಾರೆ. ಆ ಭಾಷೆ ಬಲ್ಲವರಿಗೆ ನಮ್ಮ ನೆರೆಯಲ್ಲೇ ಕೆಲಸವಿದೆ.

ಅಡ್ಡಿ ಬೇರೆ ಕಡೆ ಇದೆ. ತೆರೆಯ ಮೇಲಿನ ಕೊರಿಯನ್ ಹೈಸ್ಕೂಲಿನಲ್ಲಿ ಹುಡುಗ ಹುಡುಗಿಯರಿಗೆ ಮಾಳಿಗೆ ಹತ್ತಿ ಮಾತಾಡಲು, ಮಳೆಯಲ್ಲಿ ಒಂದೇ ಛತ್ರಿ ಹಿಡಿದು ನಡೆಯಲು ಬೇಕಾದಷ್ಟು ಪುರಸೊತ್ತು ಇರುತ್ತದೆ. ನಿಜವಾದ ಕೊರಿಯನ್ ಹೈಸ್ಕೂಲಿನಲ್ಲಿ ಇಲ್ಲದಿರುವುದು ಅದೊಂದೇ.

ಮಾರ್ಚ್ 2ರಿಂದ

ಕೊರಿಯಾದ ಶಾಲಾವರ್ಷ ಮಾರ್ಚ್ ತಿಂಗಳ ಆರಂಭಕ್ಕೆ ತೆರೆಯುತ್ತದೆ. ನಮ್ಮ ಹತ್ತನೇ ತರಗತಿಯ ಮಕ್ಕಳು ಆಗ ಬೋರ್ಡು ಪರೀಕ್ಷೆಯ ನಡುವೆ ಇರುತ್ತಾರೆ. ಎರಡನೆಯ ಅರ್ಧವರ್ಷ ಶುರುವಾಗುವುದು ಆಗಸ್ಟ್ ಕೊನೆಗೆ. ಅಂದರೆ ನಮ್ಮ ಕಡೆಯಿಂದ ಹೋಗುವ ಮಗು ಬಹುಮಟ್ಟಿಗೆ ನಡುವರ್ಷದಲ್ಲಿ, ಗೆಳೆತನದ ಗುಂಪುಗಳೆಲ್ಲ ಗಟ್ಟಿಯಾದ ಮೇಲೆ ತರಗತಿಗೆ ಕಾಲಿಡುತ್ತದೆ. ಅರ್ಜಿ ತುಂಬುವವರು ಇದನ್ನು ಗಮನಿಸುವುದೇ ಇಲ್ಲ. ಮೊದಲ ಎರಡು ತಿಂಗಳ ಒಂಟಿತನಕ್ಕೆ ಹುಡುಗಿಯ ಸ್ವಭಾವಕ್ಕಿಂತ ಈ ಕ್ಯಾಲೆಂಡರೇ ದೊಡ್ಡ ಕಾರಣ.

ವ್ಯವಸ್ಥೆ ಆರು, ಮೂರು, ಮೂರು. ಪ್ರಾಥಮಿಕ ಶಾಲೆ ಆರು ವರ್ಷ, ಮಿಡ್ಲ್ ಸ್ಕೂಲ್ ಮೂರು, ಹೈಸ್ಕೂಲ್ ಮೂರು. ಬಾಗಿಲಲ್ಲಿ ಬೂಟು ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಬಹುಪಾಲು ಪಾಠಗಳಿಗೆ ಶಿಕ್ಷಕರೇ ಕೋಣೆಯಿಂದ ಕೋಣೆಗೆ ಬರುತ್ತಾರೆ. ಕಸ ಗುಡಿಸುವುದು, ಕರಿಹಲಗೆ ಒರೆಸುವುದು ಸರದಿಯಂತೆ ಮಕ್ಕಳದೇ ಕೆಲಸ. ಇಷ್ಟರಮಟ್ಟಿಗೆ ನಮ್ಮ ಹಳ್ಳಿ ಶಾಲೆಯಲ್ಲಿ ಓದಿದ ಯಾರಿಗೂ ಹೊಸತೇನಿಲ್ಲ, ಮುಂಬಯಿಯ ಇಂಗ್ಲಿಷ್ ಶಾಲೆಯ ಮಗುವಿಗೆ ಮಾತ್ರ ಹೊಸತು. ಬೆಳಗ್ಗೆ ಮೊಬೈಲನ್ನು ಶಾಲೆಗೆ ಒಪ್ಪಿಸಿ ಸಂಜೆ ವಾಪಸು ಪಡೆಯುವ ರೂಢಿ ಅನೇಕ ಕಡೆ ಮೊದಲಿನಿಂದಲೂ ಇತ್ತು. 2025ರ ಆಗಸ್ಟಿನಲ್ಲಿ ಅಲ್ಲಿಯ ಸಂಸತ್ತು ತರಗತಿಯಲ್ಲಿ ಮೊಬೈಲ್ ಬಳಕೆಯನ್ನು ನಿಷೇಧಿಸುವ ಕಾನೂನನ್ನೇ ಮಾಡಿತು. ಅದು 2026ರ ಮಾರ್ಚಿನಿಂದ ಜಾರಿ. ಹಾಗಾಗಿ "ಮಧ್ಯಾಹ್ನ ಊಟ ಆತೇನವ್ವಾ" ಎಂದು ಪುಣೆಯಿಂದ ಮೆಸೇಜು ಹಾಕಿ ಉತ್ತರಕ್ಕೆ ಕಾಯುವ ತಾಯಿ ಸಂಜೆಯವರೆಗೆ ಕಾಯಬೇಕು.

ಊಟದ ಮಾತು ಬಂದಿದ್ದಕ್ಕೆ ಅದನ್ನೂ ಹೇಳಿಬಿಡುತ್ತೇನೆ. ನಮ್ಮವರಲ್ಲಿ ಅರ್ಧ ಜನರ ಮೊದಲ ಪ್ರಶ್ನೆಯೇ ಅದು. ಶಾಲೆಯಲ್ಲಿ ಎಲ್ಲರಿಗೂ ಬಿಸಿಯೂಟ. ಉಕ್ಕಿನ ತಟ್ಟೆಯ ಗುಳಿಗಳಲ್ಲಿ ಅನ್ನ, ಸಾರು, ಕಿಮ್ಚಿ, ಎರಡು ಮೂರು ಬಗೆಯ ಪಲ್ಯ. ಅನ್ನ ಸಾರು ಎಂದ ಕೂಡಲೇ ಸಮಾಧಾನಪಡಬೇಡಿ. ಸಾರಿನ ನೀರು ಹೆಚ್ಚಾಗಿ ಒಣ ಸಣ್ಣಮೀನು ಕುದಿಸಿ ತೆಗೆದದ್ದು. ಕಿಮ್ಚಿಗೆ ಉಪ್ಪಿನಲ್ಲಿ ಕಳಿತ ಸಿಗಡಿ ಅಥವಾ ಮೀನಿನ ರಸ ಬಿದ್ದಿರುತ್ತದೆ. ತಿಂಗಳ ಊಟದ ಪಟ್ಟಿಯಲ್ಲಿ ಪ್ರತಿ ಪದಾರ್ಥದ ಮುಂದೆ ಸಣ್ಣ ಅಂಕಿಗಳು ಇರುತ್ತವೆ. ಅವು ಅಲರ್ಜಿಯ ಸಂಕೇತಗಳು. 1 ಎಂದರೆ ಮೊಟ್ಟೆ, 9 ಸಿಗಡಿ, 10 ಹಂದಿಮಾಂಸ, 15 ಕೋಳಿ, 16 ದನದ ಮಾಂಸ. ಈ ಐದು ಅಂಕಿ ಬಾಯಿಪಾಠ ಮಾಡಿದರೆ ಹುಡುಗಿ ಅಲ್ಲಿ ಏನನ್ನು ಬಿಡಬೇಕೆಂದು ಯಾರನ್ನೂ ಕೇಳದೆ ತಿಳಿಯಬಲ್ಲಳು. ಆದರೆ ಸಾರಿನಲ್ಲಿ ಕುದಿದ ಸಣ್ಣಮೀನು ಆ ಪಟ್ಟಿಯಲ್ಲಿ ಇಲ್ಲ. ಕಟ್ಟುನಿಟ್ಟು ಸಸ್ಯಾಹಾರದ ಮನೆಯವರು ಹೊರಡುವ ಮೊದಲೇ ಕೂತು ಮಾತಾಡಿ ಒಂದು ಗೆರೆ ಎಳೆದುಕೊಳ್ಳಬೇಕು. ಮಾಂಸದ ತುಂಡು ತಿನ್ನುವುದಿಲ್ಲ, ಸಾರು ಕುಡಿಯುತ್ತೇನೆ ಎನ್ನುವುದೂ ಒಂದು ಗೆರೆಯೇ. ಗೆರೆ ಯಾವುದಾದರೂ ಆಗಲಿ, ಅದನ್ನು ಎಳೆಯಬೇಕಾದವಳು ಹುಡುಗಿ. ಅಜ್ಜಿಯ ಗೆರೆ ಹಿಡಿದುಕೊಂಡು ಹೋದ ಮಗು ತಟ್ಟೆಯ ಮುಂದೆ ದಿನವೂ ಸುಳ್ಳು ಹೇಳಬೇಕಾಗುತ್ತದೆ, ಒಂದೋ ಆತಿಥ್ಯದ ಮನೆಗೆ, ಇಲ್ಲವೇ ತನ್ನ ಮನೆಗೆ.

ಅಂದಹಾಗೆ ಈ ಬಿಸಿಯೂಟ ಸುಲಭವಾಗಿ ಬಂದದ್ದಲ್ಲ. ಸಿಯೋಲ್ ನಗರದಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟವೋ, ಬಡವರಿಗೆ ಮಾತ್ರವೋ ಎಂಬ ಜಗಳ 2011ರಲ್ಲಿ ಜನಮತಗಣನೆಯವರೆಗೆ ಹೋಯಿತು. ಎಲ್ಲರಿಗೂ ಬೇಡ ಎನ್ನುತ್ತಿದ್ದ ಮೇಯರ್ ಓ ಸೆ-ಹೂನ್, ಸಾಕಷ್ಟು ಮತದಾನ ಆಗದೆ ಆ ಗಣನೆ ಬಿದ್ದುಹೋದಾಗ ರಾಜೀನಾಮೆ ಕೊಟ್ಟರು. ಶ್ರೀಮಂತರ ಮಗುವೂ ಬಡವರ ಮಗುವೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದು ಅಲ್ಲಿ ಈಗ ಸಹಜ. ನಮ್ಮ ಕಡೆ ಬಿಸಿಯೂಟ ಸರಕಾರಿ ಶಾಲೆಯ ಗುರುತು, ಡಬ್ಬಿ ಖಾಸಗಿ ಶಾಲೆಯ ಗುರುತು. ಇಲ್ಲಿಂದ ಹೋದ ಮಗು ಆ ಸಾಲಿನಲ್ಲಿ ನಿಂತು ಕಲಿಯುವುದು ಕಡಿಮೆಯೇನಲ್ಲ.

ಅಲ್ಲಿಯ ಲೆಕ್ಕ

ಇನ್ನು ಲೆಕ್ಕದ ವಿಷಯ. ಕೊರಿಯಾದ ಹೈಸ್ಕೂಲಿನಲ್ಲಿ ಅಂಕ ಎಷ್ಟು ಬಂತು ಎನ್ನುವುದಕ್ಕಿಂತ ಎಷ್ಟು ಜನರನ್ನು ಹಿಂದಿಕ್ಕಿದೆ ಎನ್ನುವುದು ಮುಖ್ಯ. ಈಚಿನವರೆಗೂ ಒಂಬತ್ತು ದರ್ಜೆಗಳಿದ್ದವು. ಮೊದಲ ದರ್ಜೆ ಮೇಲಿನ ನೂರಕ್ಕೆ 4 ಜನರಿಗೆ ಮಾತ್ರ. 2025ರಲ್ಲಿ ಹೈಸ್ಕೂಲು ಸೇರಿದ ಮಕ್ಕಳಿಂದ ಇದನ್ನು ಐದು ದರ್ಜೆಗೆ ಇಳಿಸಿ, ಮೊದಲ ದರ್ಜೆಯನ್ನು ನೂರಕ್ಕೆ 10 ಜನಕ್ಕೆ ಹಿಗ್ಗಿಸಿದ್ದಾರೆ. ಒಳಗಿನ ನಿಯಮ ಬದಲಾಗಿಲ್ಲ. ಪಕ್ಕದ ಬೆಂಚಿನವಳು ಒಂದು ಮೆಟ್ಟಿಲು ಹತ್ತಿದರೆ ನಾನು ಇಳಿಯಬಹುದು.

ಇದರ ಕೊನೆಯ ಮೆಟ್ಟಿಲು ಸುನುಂಗ್, ಅಂದರೆ ವಿಶ್ವವಿದ್ಯಾಲಯ ಪ್ರವೇಶದ ಪರೀಕ್ಷೆ. ನವೆಂಬರಿನ ಒಂದು ಗುರುವಾರ ಸುಮಾರು ಐದು ಲಕ್ಷ ಜನ ಬರೆಯುತ್ತಾರೆ. ಆ ದಿನ ರಸ್ತೆ ಖಾಲಿ ಇರಲೆಂದು ಕಚೇರಿಗಳು ತಡವಾಗಿ ತೆರೆಯುತ್ತವೆ, ಷೇರುಪೇಟೆಯೂ ಒಂದು ಗಂಟೆ ತಡ. ತಡವಾದ ಮಕ್ಕಳನ್ನು ಪೊಲೀಸರು ಬೈಕಿನ ಹಿಂದೆ ಕೂರಿಸಿಕೊಂಡು ಬಿಟ್ಟುಬರುತ್ತಾರೆ. ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ನಡೆಯುವ ಅರ್ಧ ಗಂಟೆ ದೇಶದ ವಿಮಾನಗಳು ಏರುವುದಿಲ್ಲ, ಇಳಿಯುವುದಿಲ್ಲ. ಪರೀಕ್ಷೆಗೆ ಕೂರುವವರಿಗೆ ಅಂಟಂಟು ಮಿಠಾಯಿ ಕೊಡುತ್ತಾರೆ, ಅಂಟಿಕೊಂಡಂತೆ ಪಾಸಾಗಲಿ ಎಂದು. ಸಮುದ್ರಪಾಚಿಯ ಸಾರನ್ನು ಆ ದಿನ ಬಡಿಸುವುದಿಲ್ಲ, ಜಾರುತ್ತದೆ ಎಂದು. ಮೊಸರು ಸಕ್ಕರೆ ತಿನ್ನಿಸಿ ಪರೀಕ್ಷೆಗೆ ಕಳಿಸುವ ನಮಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ಶಾಲೆ ಮುಗಿದ ಮೇಲೆ ಹಾಗ್ವಾನ್, ಅಂದರೆ ಖಾಸಗಿ ಕೋಚಿಂಗ್. ಸಿಯೋಲಿನ ಗಂಗ್ನಮ್ ಭಾಗದ ದೇಚಿ-ದೊಂಗ್ ಎಂಬ ಬಡಾವಣೆ ಇದಕ್ಕೇ ಹೆಸರುವಾಸಿ. ಅದನ್ನು ಅವರ ಕೋಟಾ ಎನ್ನಬಹುದು. ಕೋಟಾಕ್ಕೆ ಮಕ್ಕಳು ಊರು ಬಿಟ್ಟು ಹೋಗುತ್ತಾರೆ, ದೇಚಿಗೆ ಅಪ್ಪ ಅಮ್ಮಂದಿರು ಮನೆಯನ್ನೇ ಎತ್ತಿಕೊಂಡು ಬರುತ್ತಾರೆ. 1980ರಲ್ಲಿ ಚುನ್ ದೂ-ಹ್ವಾನ್ ಅವರ ಮಿಲಿಟರಿ ಆಡಳಿತ ಖಾಸಗಿ ಪಾಠವನ್ನೇ ನಿಷೇಧಿಸಿತ್ತು. 2000ದಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ತೆಗೆದುಹಾಕಿತು. ಈಗ ಸಿಯೋಲಿನಲ್ಲಿ ರಾತ್ರಿ ಹತ್ತಕ್ಕೆ ಹಾಗ್ವಾನ್ ಮುಚ್ಚಬೇಕೆಂಬ ನಿಯಮವಿದೆ. ಹತ್ತು ಗಂಟೆ ಎನ್ನುವುದು ಮಿತಿ ಎಂದು ಹೇಳಬೇಕಾಗಿ ಬಂದದ್ದೇ ಸಾಕು, ಉಳಿದದ್ದನ್ನು ನೀವೇ ಊಹಿಸಬಹುದು. ಸರಕಾರದ ಲೆಕ್ಕದ ಪ್ರಕಾರ 2024ರಲ್ಲಿ ಖಾಸಗಿ ಪಾಠಕ್ಕೆ ಕುಟುಂಬಗಳು ಸುರಿದ ಹಣ 29 ಲಕ್ಷ ಕೋಟಿ ವಾನ್ ದಾಟಿತ್ತು. ಶಾಲೆಗೆ ಹೋಗುವ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳು ಒಂದಲ್ಲ ಒಂದು ಖಾಸಗಿ ಪಾಠಕ್ಕೆ ಹೋಗುತ್ತಿದ್ದರು.

ಹಳ್ಳಿ ಊರುಗಳಲ್ಲಿ ಹಾಗ್ವಾನ್ ಕಡಿಮೆ. ಅಲ್ಲಿ ಶಾಲೆಯಲ್ಲೇ ರಾತ್ರಿ ಓದು. ಇದಕ್ಕೆ ಯಾಜಾ ಎನ್ನುತ್ತಾರೆ. ಹೆಸರಿನ ಅರ್ಥ "ರಾತ್ರಿಯ ಸ್ವಯಂ ಓದು". ಹಿಂದೆ ಇದು ಹೆಸರಿಗೆ ಸ್ವಯಂ, ನಡೆಯುವುದು ಕಡ್ಡಾಯ. ಈಗ ಹಲವು ಕಡೆ ನಿಜಕ್ಕೂ ಐಚ್ಛಿಕ. ಆದರೂ ಪರೀಕ್ಷೆ ಹತ್ತಿರ ಬಂದಾಗ ಕೋಣೆಗಳ ದೀಪ ರಾತ್ರಿ ಒಂಬತ್ತು ಹತ್ತರವರೆಗೆ ಆರುವುದಿಲ್ಲ.

ಇಂಥ ಕೋಣೆಯೊಳಗೆ ನಮ್ಮ ಹುಡುಗಿ ಹೋಗಿ ಕೂರುತ್ತಾಳೆ. ಅವಳಿಗೆ ಸಮವಸ್ತ್ರ ಇದೆ, ಬೆಂಚು ಇದೆ, ಹಾಜರಿ ಇದೆ, ಸರದಿಯ ಕಸಬರಿಗೆಯೂ ಇದೆ. ದರ್ಜೆ ಇಲ್ಲ. ವಿನಿಮಯ ವಿದ್ಯಾರ್ಥಿ ಪರೀಕ್ಷೆಗೆ ಕೂತರೂ ಸಾಮಾನ್ಯವಾಗಿ ಅವಳ ಅಂಕ ಆ ಪೈಪೋಟಿಗೆ ಸೇರುವುದಿಲ್ಲ. ನಾವು ಚಿಕ್ಕವರಿದ್ದಾಗ ಬೀದಿಯ ಆಟದಲ್ಲಿ ಯಾರದೋ ಪುಟ್ಟ ತಂಗಿಯನ್ನು ಸೇರಿಸಿಕೊಂಡು ಒಂದು ಮಾತು ಹೇಳುತ್ತಿದ್ದೆವು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕೊರಿಯಾದ ಮಕ್ಕಳಲ್ಲೂ ಇದಕ್ಕೊಂದು ಪದ ಇದೆ, ಕಾಕ್ತುಗಿ. ಮೂಲತಃ ಅದು ಮೂಲಂಗಿಯನ್ನು ಚೌಕ ಚೌಕ ಹೆಚ್ಚಿ ಮಾಡಿದ ಕಿಮ್ಚಿಯ ಹೆಸರು. ಬೀದಿಯಾಟದಲ್ಲಿ ಯಾವ ತಂಡಕ್ಕೂ ಸೇರದ, ಔಟಾದರೂ ಔಟಾಗದ ಮಗುವಿಗೂ ಅದೇ ಹೆಸರು.

ವಿನಿಮಯದ ವರ್ಷದ ಸುಖವೂ ದುಃಖವೂ ಇರುವುದು ಈ ಒಂದು ಪದದಲ್ಲಿ ಎಂದು ನನ್ನ ಅಭಿಪ್ರಾಯ. ಲೆಕ್ಕಕ್ಕಿಲ್ಲದವಳಾದ್ದರಿಂದ ಅವಳಿಗೆ ಯಾರೂ ಶತ್ರುವಲ್ಲ. ತನ್ನ ದೇಶದಲ್ಲಿ ಹತ್ತನೇ ತರಗತಿಯವರೆಗೆ ಲೆಕ್ಕದೊಳಗೇ ಬೆಳೆದ ಮಗು ಮೊದಲ ಬಾರಿ ಒಂದು ವರ್ಷ ಅಂಕದ ಭಯವಿಲ್ಲದೆ ಗಣಿತದ ತರಗತಿಯಲ್ಲಿ ಕೂರಬಹುದು. ಆದರೆ ಉಳಿದವರೆಲ್ಲ ಎದೆಬಿಗಿಹಿಡಿದು ಓಡುತ್ತಿರುವಾಗ ಅಂಗಳದ ನಡುವೆ ಸುಮ್ಮನೆ ನಿಂತಿರುವುದು ಹದಿನಾರರ ವಯಸ್ಸಿನಲ್ಲಿ ಸುಲಭವಲ್ಲ. "ಎಲ್ಲಾರೂ ಒಳ್ಳೇವ್ರಿದ್ದಾರ ಮಾಮಾ, ಆದ್ರ ಯಾರಿಗೂ ಟೈಮಿಲ್ಲ" ಎಂದು ಅಕ್ಕನ ಮಗಳು ಅಕ್ಟೋಬರಿನಲ್ಲಿ ಹೇಳಿದ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದು ಹಾಗೆಯೇ.

ಒಂದು ವರ್ಷದ ಹಿರಿತನ

ಭಾಷೆಯ ವಿಚಾರದಲ್ಲಿ ಕನ್ನಡದ ಮಗುವಿಗೆ ಒಂದು ಅನುಕೂಲ ಇದೆ. ಕೊರಿಯನ್ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ವಿಭಕ್ತಿ ಪದದ ಹಿಂದೆ ಅಂಟುತ್ತದೆ. "ನಾನು ಶಾಲೆಗೆ ಹೋಗುತ್ತೇನೆ" ಎನ್ನುವುದನ್ನು ಪದಕ್ಕೆ ಪದ ಇಟ್ಟು ಅದೇ ಕ್ರಮದಲ್ಲಿ ಕೊರಿಯನ್ನಿಗೆ ತರಬಹುದು. ಅಲ್ಲಿ "ನಾ" ಎಂದರೆ ನಾನು, "ಅಪ್ಪಾ" ಎಂದರೆ ಅಪ್ಪನೇ, ಅಮ್ಮನಿಗೆ "ಒಮ್ಮಾ". ಇಂಥ ಹೋಲಿಕೆ ಕಂಡೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಅಧ್ಯಾಪಕ 1905ರಲ್ಲಿ ಕೊರಿಯನ್ನನ್ನು ದ್ರಾವಿಡ ಭಾಷೆಗಳೊಂದಿಗೆ ಹೋಲಿಸಿ ಪುಸ್ತಕವನ್ನೇ ಬರೆದರು. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಅದು ಇನ್ನೂ ಜೀವಂತ. ನಂಟು ಇಲ್ಲದಿದ್ದರೇನಂತೆ, ಕ್ರಿಯಾಪದಕ್ಕಾಗಿ ಕಾಯುವ ತಾಳ್ಮೆ ನಮಗೆ ಹುಟ್ಟಿನಿಂದ ಬಂದಿದೆ.

ತೊಡಕು ಇರುವುದು ಮರ್ಯಾದೆಯಲ್ಲಿ. ಕೊರಿಯನ್ನಿನಲ್ಲಿ ಬಾನ್‌ಮಾಲ್ ಎಂದರೆ ಸಲಿಗೆಯ ಮಾತು, ಜೊಂದೆನ್‌ಮಾಲ್ ಎಂದರೆ ಗೌರವದ ಮಾತು. ನಮ್ಮ ಏಕವಚನ ಬಹುವಚನದ ಹಾಗೆ. ಆದರೆ ನಮ್ಮಲ್ಲಿ ಒಂದು ವರ್ಷ ದೊಡ್ಡವಳನ್ನು "ನೀನು" ಎಂದರೆ ಯಾರೂ ಕಣ್ಣು ಕೆಂಪು ಮಾಡುವುದಿಲ್ಲ. ಅಲ್ಲಿ ಒಂದು ತರಗತಿ ಮೇಲಿದ್ದವಳು ಸೊನ್‌ಬೆ. ಅವಳೊಂದಿಗೆ ಅವಳೇ ಹೇಳುವವರೆಗೆ ಗೌರವದ ಮಾತೇ. "ಚಿಂಗು" ಎಂಬ ಪದಕ್ಕೆ ನಿಘಂಟಿನಲ್ಲಿ ಗೆಳೆಯ ಎಂದಿದೆ. ಬಳಕೆಯಲ್ಲಿ ಅದು ಸಾಮಾನ್ಯವಾಗಿ ಒಂದೇ ವಯಸ್ಸಿನವರಿಗೆ. ಎರಡು ವರ್ಷ ದೊಡ್ಡ ಗೆಳತಿ ಗೆಳತಿಯಲ್ಲ, "ಒನ್ನಿ", ಅಂದರೆ ಅಕ್ಕ. ಹಾಗಾಗಿ ಪರಿಚಯದ ಮೊದಲ ನಿಮಿಷದಲ್ಲೇ ಹುಟ್ಟಿದ ಇಸವಿ ಕೇಳುತ್ತಾರೆ. ನಮ್ಮ ಮಕ್ಕಳಿಗೆ ಇದು ಅಧಿಕಪ್ರಸಂಗ ಎನಿಸುತ್ತದೆ. ಅವರ ದೃಷ್ಟಿಯಲ್ಲಿ ಅದನ್ನು ಕೇಳದೆ ಮುಂದಿನ ವಾಕ್ಯದ ಕ್ರಿಯಾಪದವನ್ನು ಮುಗಿಸುವುದೇ ಸಾಧ್ಯವಿಲ್ಲ. ಹುಟ್ಟಿದ ದಿನವೇ ಒಂದು ವರ್ಷ ಎಂದು ಎಣಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟು 2023ರ ಜೂನಿನಲ್ಲಿ ಕಾನೂನು ಜಾಗತಿಕ ಲೆಕ್ಕಕ್ಕೆ ಬಂದಿತು. ತರಗತಿಯೊಳಗಿನ ಹಿರಿತನ ಕಾನೂನಿಗೆ ಕಾಯುವುದಿಲ್ಲ.

ಶಿಕ್ಷಕರನ್ನು ಹೆಸರಿಡಿದು ಕರೆಯುವಂತಿಲ್ಲ, "ಸೊನ್‌ಸೆಂಗ್‌ನಿಮ್" ಎನ್ನಬೇಕು. ಧಾರವಾಡದ ಕಡೆ "ಅಕ್ಕೋರು", ಮೈಸೂರಿನ ಕಡೆ "ಮೇಷ್ಟ್ರು" ಎಂದವರಿಗೆ ಇದು ತಾನಾಗಿಯೇ ಬರುತ್ತದೆ. ಆದರೆ ಆ ಗೌರವಕ್ಕೆ ಉಡುಗೊರೆ ಸೇರಿಸಬೇಡಿ. 2016ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಲಂಚವಿರೋಧಿ ಕಾನೂನಿನ ಪ್ರಕಾರ ತನಗೆ ಅಂಕ ಕೊಡುವ ಶಿಕ್ಷಕರಿಗೆ ವಿದ್ಯಾರ್ಥಿ ಒಂದು ಲೋಟ ಕಾಫಿ ಕೊಡಿಸುವುದೂ ತಪ್ಪು. ನಮ್ಮಕ್ಕ ಕಳಿಸಿದ್ದ ಧಾರವಾಡ ಪೇಢೆಯ ಡಬ್ಬಿ ತರಗತಿ ಶಿಕ್ಷಕಿಯ ಮೇಜಿನಿಂದ ಒಂದು ಸಣ್ಣ ಚೀಟಿಯೊಂದಿಗೆ ವಾಪಸಾಯಿತು. ಚೀಟಿಯಲ್ಲಿ ಧನ್ಯವಾದವಿತ್ತು, ಕ್ಷಮೆಯಿತ್ತು, ಪೇಢೆ ಮುಟ್ಟಿರಲಿಲ್ಲ. ಅಕ್ಕನಿಗೆ ಬೇಸರವಾಯಿತು. ನನಗೆ ಮಾತ್ರ ಆ ಚೀಟಿ ಬಹಳ ಹಿಡಿಸಿತು.

ಇಲ್ಲೊಂದು ಮಾತನ್ನು ನಮ್ಮ ಓದುಗರಿಗೇ ಹೇಳಬೇಕು. ಕರ್ನಾಟಕದ ಹೊರಗೆ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಆದರೆ ಬಹುವಚನ ಸಡಿಲವಾಗಿದೆ. "ಅಜ್ಜ ಬಂದ" ಎನ್ನುತ್ತಾರೆ, "ಬಂದರು" ಎನ್ನುವುದಿಲ್ಲ. ಕೊರಿಯನ್ನಿನ ಮರ್ಯಾದೆಯ ಮೆಟ್ಟಿಲುಗಳನ್ನು ಅವರು ಕೋಚಿಂಗ್ ಆ್ಯಪಿನಲ್ಲಿ ಶ್ರದ್ಧೆಯಿಂದ ಕಲಿಯುತ್ತಾರೆ. ಅದೇ ಶ್ರದ್ಧೆಯಲ್ಲಿ ಕಾಲು ಭಾಗ ಮನೆಯ ಭಾಷೆಗೆ ಕೊಟ್ಟರೆ, ಕೊರಿಯನ್ ಅರ್ಧ ಕಲಿತಂತೆಯೇ. ಕೊರಿಯಾದಲ್ಲಿದ್ದು ಬಂದ ನಮ್ಮ ಹುಡುಗಿ ಈಗ ಅಜ್ಜನಿಗೆ "ಬಂದ್ರೇನು, ಕೂಡ್ರಿ" ಎನ್ನುತ್ತಾಳೆ. ಅದನ್ನು ಕಲಿಸಿದ್ದು ನಾವಲ್ಲ.

ಸಿಗುವ ಸಮಯ, ಸಿಗದ ಸಮಯ

ಹರೆಯದ ಮಕ್ಕಳ ಬದುಕು ಅಲ್ಲಿ ಪರೀಕ್ಷೆಗಳ ನಡುವಿನ ಬಿರುಕುಗಳಲ್ಲಿದೆ. ಅರ್ಧವರ್ಷಕ್ಕೆ ಎರಡು ಪರೀಕ್ಷೆ. ಅದು ಮುಗಿದ ಮಧ್ಯಾಹ್ನ ಊರಿನ ನೊರೆಬಾಂಗ್‌ಗಳು, ಅಂದರೆ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಹಾಡುವ ಕೋಣೆಗಳು, ಸಮವಸ್ತ್ರದ ಮಕ್ಕಳಿಂದ ತುಂಬಿಹೋಗುತ್ತವೆ. ನಾಲ್ಕು ಫೋಟೋಗಳ ಪಟ್ಟಿ ತೆಗೆಯುವ ಗೂಡುಗಳ ಮುಂದೆ ಸಾಲು. ತೊಕ್‌ಬೊಕ್ಕಿ ಎಂಬ ಕೆಂಪು ಖಾರದ ಅಕ್ಕಿಕಡುಬಿನ ತಟ್ಟೆಯ ಸುತ್ತ ಐದು ಜನ. ಮರುವಾರ ಮತ್ತೆ ಮೌನ. ಉಳಿದ ದಿನಗಳಲ್ಲಿ ಗೆಳೆತನ ನಡೆಯುವುದು ಬಸ್ ನಿಲ್ದಾಣದ ಹತ್ತು ನಿಮಿಷದಲ್ಲಿ, ಹಾಗ್ವಾನಿಗೆ ಮುನ್ನ ಮೂಲೆಯಂಗಡಿಯಲ್ಲಿ ನಿಂತು ತಿನ್ನುವ ಕಪ್ಪಿನ ನೂಡಲ್ಸಿನಲ್ಲಿ, ಕಾಕಾವೋಟಾಕ್ ಗುಂಪಿನಲ್ಲಿ.

ಅಲ್ಲಿ ಬೇಕಾದ ಗುಣಕ್ಕೆ ನುನ್‌ಚಿ ಎನ್ನುತ್ತಾರೆ. ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಕಣ್ಣಲ್ಲೇ ಗ್ರಹಿಸುವುದು. ಹೊತ್ತುಗೊತ್ತು ಅರಿತು ನಡೆಯುವುದು ಎಂದು ನಮ್ಮಜ್ಜಿಯರು ಹೇಳುತ್ತಿದ್ದುದು ಅದಕ್ಕೆ ಹತ್ತಿರ. ಗುಂಪಿಗೆ ಒಲ್ಲದವರನ್ನು ಎಲ್ಲರೂ ಸೇರಿ ಹೊರಗಿಡುವುದಕ್ಕೂ ಅಲ್ಲಿ ಒಂದು ಪದವಿದೆ, ವಾಂಗ್ತಾ. ಶಾಲೆಯೊಳಗಿನ ಹಿಂಸೆಯನ್ನು ತಡೆಯಲು 2004ರಲ್ಲಿ ಪ್ರತ್ಯೇಕ ಕಾನೂನು ಮಾಡಿದ ದೇಶ ಅದು ಎನ್ನುವುದರಿಂದ ಸಮಸ್ಯೆ ಎಷ್ಟು ಆಳದ್ದೆಂದು ತಿಳಿಯುತ್ತದೆ. ವಿನಿಮಯ ವಿದ್ಯಾರ್ಥಿಗೆ ನೇರವಾಗಿ ಕಾಟ ಸಿಗುವುದಕ್ಕಿಂತ ಮೆಲ್ಲನೆ ಮರೆತುಬಿಡುವ ಅಪಾಯವೇ ಹೆಚ್ಚು. ಬಣ್ಣದ ಮಾತೂ ಬರುತ್ತದೆ. ಮುಖ ಬಿಳಿಯಾಗಿಸುವ ಕ್ರೀಮು ಗಂಡುಮಕ್ಕಳ ಚೀಲದಲ್ಲೂ ಇರುವ ದೇಶದಲ್ಲಿ "ನಿನ್ನ ಕಣ್ಣು ಎಷ್ಟು ದೊಡ್ಡದು" ಎಂಬ ಹೊಗಳಿಕೆಯ ಹಿಂದೆಯೇ ಮೈಬಣ್ಣದ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ವರಾನ್ವೇಷಣೆಯ ಜಾಹೀರಾತುಗಳಲ್ಲಿ ಬಣ್ಣ ನಮೂದಿಸುವ ನಾವು ಇದರ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುವಂತಿಲ್ಲ. ಆದರೆ ಮಗುವಿಗೆ ಮೊದಲೇ ಹೇಳಿ ಕಳಿಸಬೇಕು, ನೋವಾದರೆ ಯಾರಿಗೆ ಹೇಳಬೇಕೆಂಬುದನ್ನೂ ಹೆಸರಿಟ್ಟು ಹೇಳಬೇಕು.

ವರ್ಷ ಹಾಳಾಗುತ್ತದೆಯೇ?

ವಿರೋಧಿಸುವವರ ಮಾತಿನಲ್ಲಿ ತೂಕವಿದೆ. ಹನ್ನೊಂದನೇ ತರಗತಿಯ ವರ್ಷ ಹೋದರೆ ಜೆಇಇ, ನೀಟ್ ಓಟದಲ್ಲಿ ಒಂದು ವರ್ಷ ಹಿಂದೆ. ಖರ್ಚಿದೆ. ಹದಿನಾರರ ಮಗುವನ್ನು ಗುರುತಿಲ್ಲದ ಮನೆಗೆ ಕಳಿಸುವ ಆತಂಕವಿದೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಹದಿಹರೆಯದವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆಯೇ ಮೊದಲನೆಯದಾಗಿರುವ ದೇಶಕ್ಕೆ, ಅದೇ ಒತ್ತಡದ ಶಾಲೆಗೆ, ಯಾರಾದರೂ ಬೇಕೆಂದು ಮಗುವನ್ನು ಕಳಿಸುತ್ತಾರೆಯೇ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಕೇಳುವವರು ತಮ್ಮ ಮಗುವನ್ನು ಇಟ್ಟುಕೊಳ್ಳುವುದು ಎಲ್ಲಿ? ಕೋಟಾದ ಹಾಸ್ಟೆಲಿನ ಫ್ಯಾನುಗಳಿಗೆ ಸ್ಪ್ರಿಂಗು ಅಳವಡಿಸಬೇಕೆಂದು ಜಿಲ್ಲಾಡಳಿತ 2023ರಲ್ಲಿ ಆದೇಶಿಸಬೇಕಾಗಿ ಬಂದ ದೇಶ ನಮ್ಮದು. ಹೈದರಾಬಾದಿನ ಓದುಗರಿಗೆ ಇಂಟರ್ ಫಲಿತಾಂಶದ ವಾರ ಹೇಗಿರುತ್ತದೆಂದು ಗೊತ್ತು. ನಮ್ಮ ಮಗು ಕೊರಿಯಾದಲ್ಲಿ ನೋಡುವುದು ತನ್ನದೇ ಮನೆಯ ಕಾಯಿಲೆಯನ್ನು, ಒಂದು ವ್ಯತ್ಯಾಸದೊಂದಿಗೆ. ಅಲ್ಲಿ ಅದು ರೋಗಿಯಲ್ಲ, ನೋಡುವವಳು. ಒಂದು ವರ್ಷ ಲೆಕ್ಕದಿಂದ ಹೊರಗೆ ನಿಂತು ಲೆಕ್ಕವನ್ನು ನೋಡುವ ಅವಕಾಶ ಅವಳಿಗೆ ಪುಣೆಯಲ್ಲಾಗಲಿ ಕೋಟಾದಲ್ಲಾಗಲಿ ಸಿಗಲಾರದು. ಕೊರಿಯನ್ನರಿಗೂ ಈ ಕಾಯಿಲೆ ಗೊತ್ತು. ಮಕ್ಕಳನ್ನು ವೈದ್ಯಕೀಯ ಕಾಲೇಜಿಗೆ ಸೇರಿಸಲು ಮನೆಗಳೇ ಒಡೆದುಹೋಗುವ ಕಥೆಯುಳ್ಳ 'ಸ್ಕೈ ಕ್ಯಾಸಲ್' ಧಾರಾವಾಹಿಯನ್ನು 2018–19ರಲ್ಲಿ ಇಡೀ ದೇಶ ಕೂತು ನೋಡಿತು. ನೋಡಿ ಮುಗಿಸಿ ಮರುದಿನ ಮಕ್ಕಳನ್ನು ಹಾಗ್ವಾನಿಗೆ ಕಳಿಸಿತು. ಗೊತ್ತಿರುವುದು ಬೇರೆ, ಓಟದಿಂದ ಇಳಿಯುವುದು ಬೇರೆ. ನಮ್ಮ ಕಥೆಯೂ ಅದೇ.

ನನ್ನ ಷರತ್ತು ಇಲ್ಲಿಂದ ಹುಟ್ಟುತ್ತದೆ. ಕಳಿಸುವುದಾದರೆ ಆ ವರ್ಷವನ್ನು ನಿಜವಾಗಿಯೂ ಲೆಕ್ಕಕ್ಕಿಲ್ಲದ ವರ್ಷವಾಗಲು ಬಿಡಿ. ಕೊರಿಯನ್ ಶಾಲೆಯ ಜೊತೆಗೆ ರಾತ್ರಿ ಆನ್‌ಲೈನಿನಲ್ಲಿ ಭೌತಶಾಸ್ತ್ರದ ಕೋಚಿಂಗ್ ಇಟ್ಟು ಕಳಿಸುವವರಿದ್ದಾರೆ. ಅಂಥವರು ಕಳಿಸದಿರುವುದೇ ಮೇಲು. ಎರಡು ದೇಶದ ಲೆಕ್ಕವನ್ನು ಒಂದೇ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ವಾಪಸು ಬಂದ ಮೇಲೆ ಹನ್ನೊಂದನೇ ತರಗತಿಗೆ ಮತ್ತೆ ಸೇರುವುದನ್ನು ನಷ್ಟ ಎಂದು ಬಗೆಯದೆ ಮೊದಲೇ ಒಪ್ಪಿಕೊಳ್ಳಿ. ಇಲ್ಲಿಯ ಶಾಲೆ ಏನನ್ನು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಉಳಿದ ಸಲಹೆಗಳು ಚಿಕ್ಕವು. ಹೈಸ್ಕೂಲಿನ ಮೊದಲ ವರ್ಷಕ್ಕೆ ಸೇರಿಸುವಂತೆ ಕೇಳಿ. ಮೂರನೇ ವರ್ಷದವರು ಸುನುಂಗಿನ ಸುರಂಗದಲ್ಲಿರುತ್ತಾರೆ, ಅವರ ಕೋಣೆಯಲ್ಲಿ ಅತಿಥಿಗೆ ಜಾಗವಿಲ್ಲ. ಸಿಯೋಲೇ ಬೇಕೆಂದು ಹಟ ಹಿಡಿಯಬೇಡಿ. ಹುಟ್ಟುವ ಮಕ್ಕಳೇ ಕಡಿಮೆಯಾಗಿ ಬೆಂಚುಗಳು ಖಾಲಿಯಾಗುತ್ತಿರುವ ಸಣ್ಣ ಊರುಗಳಲ್ಲಿ ಹೊಸಬರಿಗೆ ಮನಸ್ಸೂ ಹೊತ್ತೂ ಹೆಚ್ಚು ಸಿಗುತ್ತದೆ. ಸೇಜೊಂಗ್ ದೊರೆಯ ಕಾಲದಲ್ಲಿ, 1446ರಲ್ಲಿ ಜನರ ಕೈಗೆ ಬಂದ ಹಂಗುಲ್ ಲಿಪಿಯನ್ನು ಒಂದು ವಾರದಲ್ಲಿ ಕಲಿಯಬಹುದು. ಅದನ್ನು ಇಲ್ಲಿಯೇ ಕಲಿತು ಹೋಗಲಿ. ವಾರಕ್ಕೊಮ್ಮೆ ಫೋನು ಸಾಕು. ದಿನವೂ ವಿಡಿಯೋದಲ್ಲಿ ಮುಖ ತೋರಿಸಬೇಕಾದ ಮಗು ಎರಡು ಮನೆಗಳ ನಡುವಿನ ಹೊಸ್ತಿಲ ಮೇಲೇ ವರ್ಷ ಕಳೆಯುತ್ತದೆ.

ಕೊನೆಯದಾಗಿ, ಹೋಗುವ ಹುಡುಗಿಗೇ ಹೇಳಬೇಕಾದ ಮಾತೊಂದಿದೆ. ಮಗೂ, ನಿನ್ನ ಪಕ್ಕದ ಬೆಂಚಿನವಳು ಶನಿವಾರ ಮಧ್ಯಾಹ್ನ ಓದು ಬಿಟ್ಟು ನಿನ್ನನ್ನು ಹಾಡುವ ಕೋಣೆಗೆ ಕರೆದುಕೊಂಡು ಹೋದರೆ, ನಿನಗೆ ಬಸ್ ಕಾರ್ಡು ತುಂಬಿಸುವುದನ್ನು ಕಲಿಸಲು ಹಾಗ್ವಾನಿಗೆ ಹತ್ತು ನಿಮಿಷ ತಡವಾಗಿ ಹೋದರೆ, ಅದನ್ನು ಪುರಸೊತ್ತಿನ ಸ್ನೇಹ ಎಂದು ತಿಳಿಯಬೇಡ. ನೀನು ಲೆಕ್ಕಕ್ಕಿಲ್ಲ, ಅವಳು ಇದ್ದಾಳೆ. ಆ ಗಂಟೆಯನ್ನು ಅವಳು ತನ್ನ ಲೆಕ್ಕದಿಂದ ಕಳೆದು ನಿನಗೆ ಕೊಟ್ಟಿರುತ್ತಾಳೆ, ಅದೇ ಹೊತ್ತಿನಲ್ಲಿ ಇನ್ನೊಬ್ಬಳು ಓದುತ್ತಿರುತ್ತಾಳೆ ಎಂದು ಗೊತ್ತಿದ್ದೂ. ಆ ದೇಶದಲ್ಲಿ ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಗೆ ಕೊಡಬಹುದಾದ ಅತಿ ದುಬಾರಿ ವಸ್ತು ಅದು. ಅವಳ ಹೆಸರು, ಅವಳ ಹುಟ್ಟುಹಬ್ಬ, ಅವಳ ಸುನುಂಗಿನ ದಿನ ನೆನಪಿಟ್ಟುಕೋ. ಆ ಗುರುವಾರ ಬೆಳಗ್ಗೆ ನೀನು ಯಾವ ಊರಿನಲ್ಲಿದ್ದರೂ ಅವಳಿಗೊಂದು ಮಾತು ಬರೆದು ಕಳಿಸು, ಗೌರವದ ಮಾತಿನಲ್ಲಲ್ಲ, ಸಲಿಗೆಯ ಮಾತಿನಲ್ಲಿ.